ಕಿರುತೆರೆಯೂ ರಸದೋಷವೂ

ಶ್ರವ್ಯಕಾವ್ಯಕ್ಕಿಲ್ಲದ ಒಂದು ಮೇಲ್ಮೆ ದೃಶ್ಯಕಾವ್ಯಕ್ಕುಂಟು; ಓದುಬರಹವರಿಯದವನನ್ನೂ ಅದು ಕರೆದು ತನ್ನ ಮುಂದೆ ಕೂರಿಸಿಕೊಳ್ಳುತ್ತದೆ. ಹಿಂದೆ ಬಯಲಾಟಗಳೂ ವೃತ್ತಿನಾಟಕ ಮಂಡಳಿಗಳೂ ನಡೆಸುತ್ತಿದ್ದ ಈ ಕಾರ್ಯವನ್ನು ಚಲನಚಿತ್ರವು ಕೈಗೆತ್ತಿಕೊಂಡಿತು. ದೂರದರ್ಶನವು ಅದನ್ನು ಮನೆಯ ಪಡಸಾಲೆಗೇ ತಂದಿರಿಸಿತು. ಈಗಂತೂ ಅದು ವಿದ್ಯಾರ್ಥಿಯ ಅಂಗೈಯ ಮೊಬೈಲಿಗೆ ಇಳಿದಿದೆ. ಆದುದರಿಂದ, ಸಿನಿಮಾ ನೋಡುವುದೇ ಕೆಡುಕೆಂದು ಒಂದೇ ಮಾತಿನಲ್ಲಿ ನಿಷೇಧಿಸುತ್ತಿದ್ದ ಹಿರಿಯರ ಕ್ರಮಕ್ಕೆ ಅರ್ಥವುಳಿದಿಲ್ಲ. ನೋಡಬೇಡವೆನ್ನುವ ಅಧಿಕಾರ ಉಪಾಧ್ಯಾಯನ ಕೈತಪ್ಪಿ ಹೋಗಿದೆ. ಯಾವುದನ್ನು ನೋಡಬೇಕು, ಏತಕ್ಕಾಗಿ ನೋಡಬೇಕು ಎಂದು ತಿಳಿಸುವ ಹೊಣೆ ಮಾತ್ರ ಉಳಿದಿದೆ. ಅದನ್ನು ಅವನು ಹೊರದಿದ್ದಲ್ಲಿ ಜಾಹೀರಾತಿನವನು ಸಂತೋಷದಿಂದ ಹೊರುತ್ತಾನೆ.

ಅಳೆಯುವ ಕೋಲಿಗಾಗಿ ಬಹುದೂರ ಹೋಗಬೇಕಾಗಿಲ್ಲ. ಮಮ್ಮಟನು 'ಕಾವ್ಯಪ್ರಕಾಶ'ದ ಏಳನೆಯ ಉಲ್ಲಾಸದಲ್ಲಿ ರಸದೋಷಗಳನ್ನು ಎಣಿಸುವಾಗ, ಪರಿಪುಷ್ಟವಾದ ರಸವನ್ನು ಮತ್ತೆ ಮತ್ತೆ ಕೆದಕಿ ಉರಿಸುವುದನ್ನೂ, ಹೊತ್ತಲ್ಲದ ಹೊತ್ತಿನಲ್ಲಿ ಅದನ್ನು ಹಬ್ಬಿಸುವುದನ್ನೂ, ಅಂಗವಾದುದನ್ನು ಅತಿಯಾಗಿ ಬೆಳೆಸುವುದನ್ನೂ ಹೇಳಿದ್ದಾನೆ. ಮೊದಲನೆಯದಕ್ಕೆ ಅವನು ಕೊಟ್ಟ ಉದಾಹರಣೆ 'ಕುಮಾರಸಂಭವ'ದ ರತಿವಿಲಾಪ. ಕಾಳಿದಾಸನಿಗೇ ದೊರೆಯದ ರಿಯಾಯಿತಿಯನ್ನು ದಿನವಹಿ ಧಾರಾವಾಹಿಯವರಿಗೆ ಕೊಡಬೇಕಾದ ಕಾರಣ ಕಾಣದು. ರತಿಯ ಅಳು ಒಂದು ಸರ್ಗದಲ್ಲಿ ಮುಗಿಯಿತು; ಧಾರಾವಾಹಿಯ ಸೊಸೆ ವರ್ಷಗಟ್ಟಲೆ ಅಳುತ್ತಾಳೆ. ಅತ್ತೆಯ ಒಂದು ಕಡುನೋಟವನ್ನು ಮೂರು ದಿಕ್ಕಿನಿಂದ ಮೂರು ಬಾರಿ, ಗುಡುಗಿನ ಸದ್ದಿನೊಡನೆ ತೋರಿಸುವಷ್ಟರಲ್ಲಿ ಆ ದಿನದ ಕಂತು ಮುಗಿದಿರುತ್ತದೆ. ಇದರಿಂದ ನೀತಿ ಕೆಡುವುದೆಂದು ಹಲವರ ಚಿಂತೆ. ಕೆಡುವುದು ಅದಕ್ಕೂ ಮೊದಲು ಮರುಕ. ದಿನವೂ ಹುಸಿದುಃಖಕ್ಕೆ ಕಣ್ಣೀರು ಖರ್ಚು ಮಾಡಿದ ಮನಸ್ಸು ನಿಜವಾದ ದುಃಖದೆದುರು ಬರಿಗೈಯಲ್ಲಿ ನಿಲ್ಲುತ್ತದೆ.

ನಿಜವಾದ ದುಃಖವನ್ನು ತೆರೆಯ ಮೇಲೆ ಕಾಣಬೇಕೆನ್ನುವವರು 'ತಬರನ ಕಥೆ'ಯನ್ನು ನೋಡಬೇಕು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಈ ಚಿತ್ರ ೧೯೮೬ನೆಯ ಸಾಲಿನ ಸ್ವರ್ಣಕಮಲವನ್ನೂ, ತಬರನಾಗಿ ಅಭಿನಯಿಸಿದ ಚಾರುಹಾಸನರಿಗೆ ಶ್ರೇಷ್ಠನಟ ಪ್ರಶಸ್ತಿಯನ್ನೂ ಗಳಿಸಿತು. ಸಣ್ಣ ಸರಕಾರಿ ನೌಕರನೊಬ್ಬನು ನಿವೃತ್ತನಾಗಿ, ತನಗೆ ಸಲ್ಲಬೇಕಾದ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ದಿನೇದಿನೇ ಉಲ್ಬಣಿಸುತ್ತದೆ. ಇಷ್ಟೇ ಕಥಾವಸ್ತು. ಬೆರಳಿಟ್ಟು ತೋರಿಸಬಹುದಾದ ಖಳನಾಯಕನೊಬ್ಬನೂ ಇಲ್ಲಿಲ್ಲ. ಕಡತವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗುವ ನಿಧಾನವೇ ಖಳನಾಯಕ. ಚಿತ್ರ ಬಲು ನಿಧಾನವೆಂದು ಗೊಣಗುವವರುಂಟು. ತಬರನಿಗೆ ಅದು ಇನ್ನೂ ನಿಧಾನವಾಗಿತ್ತು! ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇಂದು ಅಂಥ ಮೇಜುಗಳ ಆಚೆಬದಿಯಲ್ಲಿ ಕುಳಿತಿರುವರು. ಅವರು ಈ ಚಿತ್ರವನ್ನು ಮನೆಮಂದಿಯೊಡನೆ ಒಮ್ಮೆ ನೋಡಿದರೆ, ಮರುದಿನ ಬೆಳಗ್ಗೆ ಎದುರಿಗೆ ಬಂದು ನಿಲ್ಲುವ ಮುದುಕನಿಗೆ ಕುರ್ಚಿಯೊಂದು ದೊರೆತೀತು.

ಶಿವರಾಮ ಕಾರಂತರ ಕಾದಂಬರಿಯಿಂದ ಬಿ. ವಿ. ಕಾರಂತರು ೧೯೭೫ರಲ್ಲಿ ತಂದ 'ಚೋಮನ ದುಡಿ'ಯೂ ಈ ಜಾತಿಗೇ ಸೇರಿದುದು. ಅಂಗೈಯಗಲ ನೆಲವನ್ನು ಉಳುವ ಆಸೆಯೊಂದೇ ಚೋಮನದು. ಅವನ ಅಳಲನ್ನು ಮಾತಿಗಿಂತ ಹೆಚ್ಚಾಗಿ ದುಡಿಯೇ ನುಡಿಯುತ್ತದೆ. ವಾಸುದೇವರಾಯರ ಮುಖವೂ ಅದರೊಡನೆ ನುಡಿಯುತ್ತದೆ. ಧ್ವನಿಯೆಂದರೇನೆಂದು ತರಗತಿಯಲ್ಲಿ ವಾರಗಟ್ಟಲೆ ವಿವರಿಸಿದರೂ ತಿಳಿಯದ ಹುಡುಗನಿಗೆ ಇದು ಎರಡು ಗಳಿಗೆಯಲ್ಲಿ ತಿಳಿದೀತು.

ಪೌರಾಣಿಕಗಳನ್ನು ಮೂಲೆಗೊತ್ತುವುದೂ ತರವಲ್ಲ. ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ' ೧೯೬೫ರದು. ೨೦೦೮ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಕಪ್ಪುಬಿಳುಪಿನ ಸ್ಮಶಾನಕ್ಕೆ ಬಣ್ಣದ ಅಗತ್ಯವಿತ್ತೇ ಎಂಬುದು ವಿಚಾರಾರ್ಹ. ರಾಘವಾಂಕನ ಷಟ್ಪದಿಯ ಬಿಗಿ ಚಿತ್ರಕ್ಕಿಲ್ಲ. ಇರಬೇಕೆಂದು ಕೇಳುವುದೂ ನ್ಯಾಯವಲ್ಲ. ಆದರೂ ರಾಜಕುಮಾರರ ನುಡಿಗಾರಿಕೆಯಲ್ಲಿ ಕನ್ನಡದ ಒಂದೊಂದು ಅಕ್ಷರವೂ ತನ್ನ ಸ್ಥಾನದಲ್ಲಿ ಹುಟ್ಟಿ ಬರುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನೇ ಮರೆತ ಇಂದಿನ ನಿರೂಪಕರ ನಡುವೆ ಇದೇನೂ ಸಣ್ಣ ಲಾಭವಲ್ಲ.

ಕಿರುತೆರೆಯಲ್ಲಿಯೂ ಮಾದರಿಗಳಿಲ್ಲದಿಲ್ಲ. ೧೯೯೮ರಲ್ಲಿ ಬಂದ ಟಿ. ಎನ್. ಸೀತಾರಾಮರ 'ಮಾಯಾಮೃಗ' ಮಧ್ಯಮವರ್ಗದ ಮನೆಗಳ ಮಾತನ್ನು ಕೂಗಾಟವಿಲ್ಲದೆ ಕೇಳಿಸಿತು. ಅದಕ್ಕೂ ಹಿಂದೆ, ೧೯೮೦ರ ದಶಕದ ಉತ್ತರಾರ್ಧದಲ್ಲಿ, ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿ 'ಮಾಲ್ಗುಡಿ ಡೇಸ್' ಎಂಬ ಮಾಲಿಕೆಯನ್ನು ಕೊಟ್ಟರು. ಭಾಷೆ ಹಿಂದಿಯಾದರೂ ನೆಲ ಮಲೆನಾಡಿನದು. ಅದರ ಒಂದು ಕಂತಿನಲ್ಲಿ, ತಂದೆಯ ಒತ್ತಾಯಕ್ಕೆ ಒಬ್ಬನೇ ಮಲಗಿದ ಬಾಲಕ ಸ್ವಾಮಿ ಹೆದರಿಕೆಯಿಂದಲೇ ಕಳ್ಳನೊಬ್ಬನನ್ನು ಕಚ್ಚಿ ಹಿಡಿದು ವೀರನೆನಿಸಿಕೊಳ್ಳುತ್ತಾನೆ. ಆದರೂ ಮತ್ತೆ ಅಜ್ಜಿಯ ಮಗ್ಗುಲಿಗೇ ಹೋಗಿ ಮಲಗುತ್ತಾನೆ. ಅರ್ಧಗಂಟೆಯೊಳಗೆ ಎಲ್ಲವೂ ಮುಗಿಯುತ್ತದೆ. ಇದೇ ವಸ್ತು ಇಂದಿನವರ ಕೈಗೆ ಸಿಕ್ಕಿದ್ದರೆ ಕಳ್ಳನಿಗೊಬ್ಬ ಅವಳಿ ಸಹೋದರನಿರುತ್ತಿದ್ದ!

ಶಾಲೆಗಳಿಗೆ ದೊಡ್ಡ ತೆರೆಯನ್ನೂ ಪ್ರದರ್ಶನಯಂತ್ರವನ್ನೂ ದಾನವಾಗಿ ನೀಡುವ ಉದಾರಿಗಳು ಎಲ್ಲೆಡೆಯೂ ಇರುವರು. ಯಂತ್ರದೊಡನೆ ಮೂಲಕೃತಿಯ ಇಪ್ಪತ್ತು ಪ್ರತಿಗಳನ್ನೂ ಅವರು ಕೊಡಿಸಿದರೆ ದಾನ ಪೂರ್ಣವಾದೀತು. ಮೊದಲು ತೋರಿಸತಕ್ಕುದು ತಬರನನ್ನೋ ಸ್ವಾಮಿಯನ್ನೋ ಎಂಬಲ್ಲಿ ಉಪಾಧ್ಯಾಯರಿಗೆ ಅಭಿಪ್ರಾಯಭೇದವಿರಬಹುದು. ತರಗತಿಯ ವಯಸ್ಸನ್ನು ನೋಡಿ ಅವರೇ ತೀರ್ಮಾನಿಸಲಿ. ಕಥೆಯನ್ನು ಒಬ್ಬ ಹುಡುಗನಿಂದ ಗಟ್ಟಿಯಾಗಿ ಓದಿಸಿ, ಉಳಿದವರು ಕೇಳಿದ ಮೇಲೆಯೇ ದೀಪ ಆರಿಸತಕ್ಕುದು.