ಆಳಿನ ಪಾಲು ಎಲ್ಲಿ, ಮಾಲೀಕರೇ?

ಟೈಲರ್ ಅಂಗಡಿ ಇಟ್ಟವರೇ, ಆಟೋ ಓಡಿಸುವವರೇ, ವೈರಿಂಗ್ ಕೆಲಸದವರೇ, ದರ್ಶಿನಿ ನಡೆಸುವವರೇ, ಕೋರ್ಟಿನ ಕಾರಿಡಾರಿನಲ್ಲೇ ಕೂದಲು ನೆರೆಸಿಕೊಂಡ ವಕೀಲರೇ, ನಿಮ್ಮ ಮೇಲೊಂದು ದೂರಿದೆ. ಕಾರ್ಮಿಕರ ಸಂಬಳದಲ್ಲಿ ಪಿಎಫ್ ಮುರಿದುಕೊಂಡು ಕಟ್ಟದೆ ನುಂಗುವ ಮಾಲೀಕನ ಮೇಲೆ ನಂಬಿಕೆದ್ರೋಹದ ಮೊಕದ್ದಮೆ ಹೂಡಬಹುದು. ಅಂಥವನನ್ನು ನೀವೂ ಬೈದಿರುತ್ತೀರಿ. ನಿಮ್ಮ ಅಂಗಡಿಯಲ್ಲಿ ಮಾಲೀಕರೂ ನೀವೇ, ಆಳೂ ನೀವೇ. ಹಬ್ಬ ಹುಣ್ಣಿಮೆ ನೋಡದೆ ದುಡಿದ ಆ ಆಳಿನ ಹೆಸರಿಗೆ ಇಷ್ಟು ವರ್ಷದಲ್ಲಿ ಎಷ್ಟು ಕಟ್ಟಿದ್ದೀರಿ?

ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿಲ್ಲ, ಎಲ್ಲಿಂದ ಕಟ್ಟೋದು ಅನ್ನುತ್ತೀರಿ. ಚೀಟಿ ಕಂತು ತಪ್ಪಿಸಿದ್ದೀರಾ? ಫೈನಾನ್ಸಿನವನ ಬಡ್ಡಿ? ಏರುಪೇರಿನ ಆದಾಯದವರು ಉಳಿಸಲಾರರು ಅನ್ನುವುದನ್ನು ಉಡುಪಿ 1928ರಲ್ಲೇ ಸುಳ್ಳು ಮಾಡಿತು. ನೇಕಾರರ ಬವಣೆ ಕಂಡು 1925ರಲ್ಲಿ ಅಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದ.

ಆದರೆ ಪಿಗ್ಮಿ ದುಡ್ಡು ಮುಪ್ಪಿನವರೆಗೆ ಉಳಿಯುವುದಿಲ್ಲ. ಮಗಳ ಮದುವೆಗೆ, ಗಾಡಿಯ ಎಂಜಿನ್ನಿಗೆ ಒಡೆದುಹೋಗುತ್ತದೆ. ಅದಕ್ಕೇ ಸುಲಭಕ್ಕೆ ಕೈಗೆ ಸಿಗದ ಕಡೆ ಇಡಿ. ತೆರಿಗೆ ಕಟ್ಟದವರಿಗೆ, ನಲವತ್ತರೊಳಗಿನವರಿಗೆ ಅಟಲ್ ಪಿಂಚಣಿ ಇದೆ. ಅರವತ್ತರ ನಂತರ ತಿಂಗಳಿಗೆ 5000 ರೂಪಾಯಿ ಬೇಕೆಂದರೆ ಹದಿನೆಂಟರಲ್ಲಿ ಸೇರಿದವರು ತಿಂಗಳಿಗೆ 210 ಕಟ್ಟುತ್ತಾರೆ, ನಲವತ್ತರಲ್ಲಿ ಸೇರಿದವರು 1454. ಅದೊಂದನ್ನೇ ನಂಬಿ ಕೂರಬೇಡಿ. ಬೆಲೆಗಳು ವರ್ಷಕ್ಕೆ ಶೇಕಡಾ 6 ಏರಿದರೆ ಮೂವತ್ತು ವರ್ಷದ ನಂತರದ ಐದು ಸಾವಿರಕ್ಕೆ ಇವತ್ತಿನ ಒಂಬೈನೂರರಷ್ಟೂ ಬೆಲೆ ಇರುವುದಿಲ್ಲ. 2009ರಿಂದ ಎನ್‌ಪಿಎಸ್ ಎಲ್ಲರಿಗೂ ತೆರೆದಿದೆ. ಅಂಚೆ ಕಚೇರಿಯ ಪಿಪಿಎಫ್ ಇದೆ. ವ್ಯಾಪಾರ ಮುಳುಗಿ ಸಾಲಗಾರರು ಕೋರ್ಟಿಗೆ ಹೋದರೂ ಆ ಹಣವನ್ನು ಜಪ್ತಿ ಮಾಡಿಸಲಾರರು. ವ್ಯಾಪಾರಸ್ಥರಿಗೆ ಇದಕ್ಕಿಂತ ದೊಡ್ಡ ಮಾತು ಯಾವುದಿದೆ?

ತಿಂಗಳಿಗೆ ಸಾವಿರದಂತೆ ಮೂವತ್ತು ವರ್ಷ, ಶೇಕಡಾ 8ರ ಗಳಿಕೆಯಲ್ಲಿ, ಸುಮಾರು 15 ಲಕ್ಷ. ಹತ್ತು ವರ್ಷ ತಡಮಾಡಿದರೆ ಆರು ಲಕ್ಷವೂ ಆಗುವುದಿಲ್ಲ. ನೀವು ಉಳಿಸಿಕೊಂಡದ್ದು 1 ಲಕ್ಷ 20 ಸಾವಿರ ಮಾತ್ರ.

ಇನ್ನೊಬ್ಬರಿದ್ದಾರೆ, ಅವರ ಲೆಕ್ಕ ಇನ್ನೂ ಹಳೆಯದು. ಗುಂಡಿ ಹೊಲಿದು ಕಾಜಾ ಹಾಕಿದವರು, ಹೋಟೆಲಿಗೆ ಹಿಟ್ಟು ರುಬ್ಬಿದವರು, ನೀವು ಊಟಕ್ಕೆ ಹೋದಾಗ ಗಲ್ಲಾದ ಮೇಲೆ ಕೂತವರು, ನಿಮ್ಮ ಹೆಂಡತಿ. ಅವರಿಗೆ ಸಂಬಳವಿಲ್ಲ, ರಜೆಯಿಲ್ಲ, ಎಷ್ಟೋ ಮನೆಗಳಲ್ಲಿ ಸ್ವಂತ ಖಾತೆಯೂ ಇಲ್ಲ. ಮಕ್ಕಳು ನೋಡಿಕೊಳ್ಳುತ್ತಾರೆ ಎಂದು ನೀವು ಧೈರ್ಯವಾಗಿ ಹೇಳುತ್ತೀರಲ್ಲ, ನಿಮ್ಮ ಕಾಲದ ನಂತರ ಸೊಸೆಯ ಹತ್ತಿರ ಮಾತ್ರೆಗೆ ದುಡ್ಡು ಕೇಳಬೇಕಾದವರು ಅವರು. ಆ ಮಾತು ಹೇಳುವ ಮುಂಚೆ ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ?

ಈ ತಿಂಗಳು ಅಂಗಡಿ ಬಾಡಿಗೆ ಕೊಡುವ ದಿನವೇ ಬ್ಯಾಂಕಿಗೆ ಹೋಗಿ. ಇಬ್ಬರ ಆಧಾರ್ ಕಾರ್ಡೂ ಜೇಬಿನಲ್ಲಿರಲಿ, ಅವರೂ ಜೊತೆಗಿರಲಿ. ಎರಡು ಖಾತೆ ತೆರೆಯಿರಿ. ಒಂದಕ್ಕಷ್ಟೇ ದುಡ್ಡಿದ್ದರೆ, ಮೊದಲು ಅವರ ಹೆಸರಿನಲ್ಲಿ.