ಚೆಂಡಿನ ಹಿಂದಿನ ಕಡತ

ಕಳೆದ ಸಂಚಿಕೆಯಲ್ಲಿ ಮಳೆಗಾಲದ ಲೋಕಲ್ ಗಾಡಿಯ ಬವಣೆಯನ್ನು ತೋಡಿಕೊಂಡಿದ್ದೆ. ಈ ಸಲದ ವಿಷಯವನ್ನು ಒದಗಿಸಿದವಳು ನನ್ನ ಒಂಬತ್ತು ವರ್ಷದ ಮಗಳು. ಅಂಬರನಾಥದ ನಮ್ಮ ಕಟ್ಟಡದ ಅಂಗಳದಲ್ಲಿ, ನಳದ ಪೈಪಿನ ತುಂಡೊಂದನ್ನು ಹಿಡಿದು ಪ್ಲಾಸ್ಟಿಕ್ ಚೆಂಡನ್ನು ಬಾರಿಸುತ್ತಿದ್ದಳು.

"ಏನೇ ಪುಟ್ಟಿ, ಹಾಕಿಯೋ?" ಎಂದೆ.

"ಅಲ್ಲಪ್ಪಾ, ಗಾಲ್ಫ್. ನನ್ನನ್ನೂ ಸೇರಿಸ್ತೀಯಾ?"

"ಅದು ಸಾಹೇಬರ ಆಟ. ನಮ್ಮಂಥವರಿಗಲ್ಲ" ಎಂದುಬಿಟ್ಟೆ. ಅವಳು ಪೈಪನ್ನು ಮೂಲೆಗಿಟ್ಟು ಒಳಗೆ ಹೋದಳು.

ಗೊತ್ತಿಲ್ಲದ ವಿಷಯಕ್ಕೆ 'ತಿರಸ್ಕರಿಸಲಾಗಿದೆ' ಎಂದು ಷರಾ ಬರೆಯುವುದು ನಮ್ಮ ಗುಮಾಸ್ತ ಕುಲದ ಹಳೆಯ ಚಾಳಿ. ಮನೆಯಲ್ಲಾದರೂ ಕಡತವನ್ನು ಬಿಚ್ಚಿ ನೋಡಬೇಕಲ್ಲವೇ? ನೋಡಿದೆ, ವಾಚಕರೇ.

ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಲಕತ್ತೆಯಲ್ಲಿ 1829ರಲ್ಲಿಯೂ ಬೆಂಗಳೂರಿನಲ್ಲಿ 1876ರಲ್ಲಿಯೂ ಈ ಆಟಕ್ಕೆ ಕ್ಲಬ್ಬು ಕಟ್ಟಿಕೊಂಡವರು ಆಂಗ್ಲರೇ. ಆದರೆ ಬೆಂಗಳೂರಿನ ಸಿ. ಮುನಿಯಪ್ಪನವರು ಪರರ ಕೋಲಿನ ಚೀಲವನ್ನು ಹೊತ್ತು ನಡೆದ ಕ್ಯಾಡಿ. 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದರು. ಬಿಡದಿಯ ಬಳಿಯ ಮೈದಾನದಲ್ಲಿ ಚೆಂಡು ಹೆಕ್ಕುತ್ತಿದ್ದ ಹುಡುಗ ಚಿಕ್ಕರಂಗಪ್ಪ ಮುಂದೆ ವೃತ್ತಿಪರ ಆಟಗಾರರಾಗಿ ಏಷ್ಯಾದ ಪಂದ್ಯಗಳಿಗೆ ಹೋದರು. ಬೆಂಗಳೂರಿನ ಅದಿತಿ ಅಶೋಕ್ ಐದು ವರ್ಷದವಳಿದ್ದಾಗ, ತಂದೆತಾಯಿಯರೊಡನೆ ತಿಂಡಿ ತಿನ್ನಲು ಹೋಗುತ್ತಿದ್ದ ಜಾಗದಿಂದ ಗಾಲ್ಫ್ ಮೈದಾನ ಕಾಣುತ್ತಿತ್ತಂತೆ. ಆ ಕುತೂಹಲ ಅವಳನ್ನು 18ನೆಯ ವಯಸ್ಸಿನಲ್ಲಿ 2016ರ ರಿಯೊ ಒಲಿಂಪಿಕ್ಸಿಗೂ, 2021ರಲ್ಲಿ ಟೋಕಿಯೊಗೂ ಕೊಂಡೊಯ್ದಿತು. ಟೋಕಿಯೊದಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂದಿತು. ಅಂದು ಅವಳ ಚೀಲವನ್ನು ಹೊತ್ತವರು ಹೆತ್ತ ತಾಯಿ.

ಈ ಮೂವರಿಗೂ ಮೈದಾನದ ಬಾಗಿಲು ಆಕಸ್ಮಿಕವಾಗಿ ತೆರೆಯಿತು. ಒಬ್ಬರಿಗೆ ಹೊಟ್ಟೆಪಾಡು ತೆರೆಯಿತು, ಇನ್ನೊಬ್ಬರಿಗೆ ಇಡ್ಲಿ ದೋಸೆ ತೆರೆಯಿತೆನ್ನೋಣ! ಆಕಸ್ಮಿಕವನ್ನು ಏರ್ಪಾಟಾಗಿ ಮಾಡುವುದೇ ಮಕ್ಕಳ ಕ್ರೀಡಾ ಕಾರ್ಯಕ್ರಮದ ತಿರುಳು. ಅಮೆರಿಕದಲ್ಲಿ 1997ರಲ್ಲಿ ಆರಂಭವಾದ 'ಫಸ್ಟ್ ಟೀ' ಎಂಬ ಯೋಜನೆಯ ಉದ್ದೇಶವೂ ಇದೇ. ಈ ಆಟ ಎಟುಕದ ಮಕ್ಕಳಿಗೆ ಅದನ್ನು ತಲುಪಿಸುವುದು, ಜೊತೆಗೆ ನಡತೆಯನ್ನು ಕಲಿಸುವುದು. ಗಾಲ್ಫಿನಲ್ಲಿ ತನ್ನ ತಪ್ಪನ್ನು ತಾನೇ ಹೇಳಿ ದಂಡ ಹಾಕಿಕೊಳ್ಳಬೇಕಾದುದರಿಂದ ಆ ಪಾಠಕ್ಕೆ ಬೇರೆ ಪುಸ್ತಕ ಬೇಡ.

ನಮ್ಮ ದೇಶದಲ್ಲಿ 1955ರಲ್ಲಿ ಸ್ಥಾಪನೆಯಾದ ಇಂಡಿಯನ್ ಗಾಲ್ಫ್ ಯೂನಿಯನ್ ಕಿರಿಯರನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿ ಊರೂರುಗಳಲ್ಲಿ ಪಂದ್ಯಗಳನ್ನು ನಡೆಸುತ್ತದೆ. ತರಬೇತುದಾರರನ್ನೂ ತಯಾರು ಮಾಡುತ್ತದೆ. ಯೋಚಿಸಿ ನೋಡಿದರೆ ಇದರಲ್ಲಿ ಮುಕ್ಕಾಲು ಪಾಲು ಗುಮಾಸ್ತಗಿರಿಯೇ! ಜನನ ಪತ್ರ ನೋಡಬೇಕು, ಶಾಲೆಯ ಪರೀಕ್ಷೆಗೆ ಅಡ್ಡಬಾರದಂತೆ ತಾರೀಖು ಗೊತ್ತುಮಾಡಬೇಕು, ರೈಲಿನ ಟಿಕೆಟು, ಮಲಗಲು ಜಾಗ, ಕಾಗದ ಪತ್ರ. ಎಲ್ಲಿಯಾದರೂ ಒಂದು ಕಾಗದ ನಿಂತರೆ ಒಂದು ಮಗು ಹೊರಗುಳಿಯಿತು.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಊರಿನ ಶಾಲೆಯಲ್ಲಿ ನಾನು ಓಟದಲ್ಲಿ ಮೊದಲಿಗ. ಜಿಲ್ಲೆಯ ಪಂದ್ಯಕ್ಕೆ ವಯಸ್ಸಿನ ದಾಖಲೆ ಬೇಕಾಗಿತ್ತು. ಒಂದು ಕಚೇರಿಯಲ್ಲಿ ಅದು ಹನ್ನೊಂದು ದಿನ ಮೇಜಿನ ಮೇಲೆಯೇ ಮಲಗಿತ್ತು. ಕೈಗೆ ಬಂದಾಗ ಪಂದ್ಯ ಮುಗಿದಿತ್ತು. ಅಪ್ಪ ಒಂದು ಮಾತನ್ನೂ ಆಡದೆ ಬಸ್ಸಿಗೆಂದು ತೆಗೆದಿಟ್ಟಿದ್ದ ದುಡ್ಡನ್ನು ತಿರುಗಿ ಡಬ್ಬಿಗೆ ಹಾಕಿದರು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಈಗ ಅಂಥದೇ ಮೇಜಿನ ಹಿಂದೆ ನಾನೇ ಕುಳಿತಿದ್ದೇನೆ. ಮಗಳಿಗೆ ಅಂಗಳದಲ್ಲಿ ಷರಾ ಬರೆದವನೂ ನಾನೇ!

ಆದುದರಿಂದ ಒಂದು ಸೂಚನೆ. ಖಾರಘರದ ಬೆಟ್ಟದ ಬುಡದಲ್ಲಿ ಸಿಡ್ಕೋದವರು ಕಟ್ಟಿಸಿದ ಗಾಲ್ಫ್ ಮೈದಾನವಿದೆ. ಸದಸ್ಯರಲ್ಲದವರಿಗೂ ಅಲ್ಲಿ ಶುಲ್ಕ ಕೊಟ್ಟು ಆಡಲು ಅವಕಾಶವಿದೆ. ನಮ್ಮ ಸಂಘದ ಮಕ್ಕಳನ್ನು ಒಂದು ಭಾನುವಾರ ಅಲ್ಲಿಗೆ ಕರೆದೊಯ್ಯೋಣ. ಎಲ್ಲರೂ ಆಟಗಾರರಾಗಬೇಕೆಂದಲ್ಲ, ದುಬಾರಿ ಕೋಲು ಕೊಳ್ಳಬೇಕೆಂದೂ ಅಲ್ಲ. ಒಮ್ಮೆ ಕಣ್ಣಿಂದ ನೋಡಲಿ. ಆಸೆ ಹುಟ್ಟಿದವರಿಗೆ ಮುಂದಿನ ದಾರಿಯನ್ನು ವಿಚಾರಿಸೋಣ. ಹೆಸರು ಬರೆದುಕೊಳ್ಳುವುದು, ಮೈದಾನದವರಿಗೆ ಪತ್ರ ಬರೆಯುವುದು, ಲೆಕ್ಕ ಒಪ್ಪಿಸುವುದು, ಇಷ್ಟೂ ನನ್ನ ಪಾಲಿಗಿರಲಿ. ನನಗೆ ಬರುವ ವಿದ್ಯೆ ಅದೊಂದೇ.

ಪುಸ್ತಕದಲ್ಲಿ ಮೊದಲನೆಯ ಹೆಸರನ್ನು ನಿನ್ನೆ ರಾತ್ರಿಯೇ ಬರೆದಿದ್ದೇನೆ. ಬರೆಯುವಾಗ ಪುಟ್ಟಿ ಪಕ್ಕದಲ್ಲಿ ನಿಂತು, ತನ್ನ ಹೆಸರಿನ ಕಾಗುಣಿತ ಸರಿಯಾಗಿದೆಯೇ ಎಂದು ಎರಡು ಸಲ ಓದಿ ನೋಡಿದಳು. ಎರಡನೆಯ ಸಾಲು ಖಾಲಿಯಿದೆ. ನಿಮ್ಮ ಮನೆಯ ಮಗುವಿನ ಹೆಸರನ್ನು ತಿಳಿಸುತ್ತೀರಷ್ಟೆ?