ತಾಯಿಯ ಕೀಲುಬೇನೆ, ಮಗಳ ಮದುವೆ

ನಮ್ಮ ವಾಗದರಿ, ಅಕ್ಕಲಕೋಟ ಕಡೆ ಕನ್ಯೆ ನೋಡಲು ಬಂದವರು ಹೊಲ, ಮನೆ, ನೌಕರಿ ಎಲ್ಲ ಕೇಳಿದ ಮೇಲೆ ಮೆಲ್ಲಗೆ ಇನ್ನೊಂದು ಮಾತು ತೆಗೆಯುತ್ತಾರೆ. "ತಾಯಿ ಕೈಬೆರಳು ಸೊಟ್ಟ ಆಗ್ಯಾವಂತಲ್ರಿ, ಅದು ವಂಶದ್ದೇನು?" ಅದೇ ಬೇನೆ ತಂದೆಗಿದ್ದರೆ ಯಾರೂ ಕೇಳುವುದಿಲ್ಲ! ಈ ಪ್ರಶ್ನೆಗೆ ವಿಜ್ಞಾನ ಏನು ಹೇಳುತ್ತದೆಂದು ನಾವು ಇಲ್ಲಿ ಬರೆಯುತ್ತಿದ್ದೇವೆ.

ಡಾಕ್ಟರರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವುದಕ್ಕೆ ನಮ್ಮ ಮಂದಿ ವಾಯು, ಸಂಧಿವಾತ ಅನ್ನುತ್ತಾರೆ. ವಯಸ್ಸಾಗಿ ಮೊಣಕಾಲು ಸವೆಯುವುದು ಬೇರೆ, ಇದು ಬೇರೆ. ದೇಹ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ಬೀಳುತ್ತದೆ, ಬೇಲಿ ಎದ್ದು ಹೊಲ ಮೇಯ್ದಂತೆ. ಸೊಲ್ಲಾಪುರ-ಪುಣೆ ರಸ್ತೆಯ ಭಿಗವಣದಲ್ಲಿ 1996ರಲ್ಲಿ ಮನೆಮನೆ ಸಮೀಕ್ಷೆ ಮಾಡಿದಾಗ ಸುಮಾರು 200ಕ್ಕೆ ಒಬ್ಬರಲ್ಲಿ ಈ ರೋಗ ಕಂಡಿತ್ತು. ಎಲ್ಲ ಕಡೆಯೂ ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು.

ಹಾಗಾದರೆ ಇದು ಹೆಣ್ಣಿನ ವಂಶದ ದೋಷವೇ? ಅಲ್ಲ. ಈ ರೋಗಕ್ಕೆ ಮುಖ್ಯವಾಗಿ ಸಂಬಂಧಪಟ್ಟ ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನ್ ಇರುವುದು 6ನೇ ವರ್ಣತಂತುವಿನಲ್ಲಿ. ಅದು ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ. ಮಗನಿಗೂ ಹೋಗುತ್ತದೆ, ಮಗಳಿಗೂ ಹೋಗುತ್ತದೆ. 2018ರ ಬಾಲಭಾರತಿ ಪುಸ್ತಕ ಓದಿದ ಹತ್ತನೇ ಇಯತ್ತೆಯ ಮಕ್ಕಳಿಗೆ ಈ ಅನುವಂಶಿಕತೆಯ ಲೆಕ್ಕ ತಿಳಿಯುತ್ತದೆ, ಹಿರಿಯರಿಗೇ ಬೇಡ!

ಹೆಣ್ಣಿನಲ್ಲಿ ಹೆಚ್ಚೇಕೆ ಎಂಬುದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಹಾರ್ಮೋನುಗಳ ಪಾತ್ರವಿದೆ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು. ಅದರಲ್ಲೊಂದು ಪ್ರತಿ ಜೀವಕೋಶದಲ್ಲೂ ಮಲಗಿರುತ್ತದೆ, ಆದರೂ ಅದರ ಕೆಲವು ಜೀನ್‌ಗಳು ಎಚ್ಚರವಿರುತ್ತವೆ. ಹಾಗೆ ಮಲಗಿಸುವ ಎಕ್ಸ್‌ಐಎಸ್‌ಟಿ ಎಂಬ ಅಣುವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಗಂಡು ಇಲಿಗಳಲ್ಲಿ ಉಂಟುಮಾಡಿ ನೋಡಿದರು. ಇಂಥದೇ ಜಾತಿಯ, ಅಂದರೆ ದೇಹ ತನ್ನನ್ನೇ ಹೊಡೆದುಕೊಳ್ಳುವ ರೋಗ ಅವುಗಳಲ್ಲೂ ಹೆಚ್ಚಿತು ಎಂದು 2024ರಲ್ಲಿ ಪ್ರಕಟವಾಯಿತು. ಇಲಿಯ ಮಾತು ಇಲಿಗೇ ಇರಲಿ, ಆದರೆ ಎರಡು ಎಕ್ಸ್ ಇರುವುದು ಎಲ್ಲ ಹೆಣ್ಣುಮಕ್ಕಳಲ್ಲಿ, ಒಂದು ಮನೆತನದಲ್ಲಲ್ಲ.

ಇನ್ನೊಂದು ಕೇಳಿರಿ. ಒಂದೇ ಜೀನ್ ಸಂಪತ್ತಿನ ಅವಳಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಮತ್ತೊಬ್ಬರಿಗೂ ಬರುವುದು ಸುಮಾರು 100ಕ್ಕೆ 15 ಜೋಡಿಗಳಲ್ಲಿ ಮಾತ್ರ. ಅವಳಿಗಳಲ್ಲೇ ಹೀಗಿದ್ದರೆ ತಾಯಿ-ಮಗಳ ಮಾತೇನು? ಆ ಜೀನ್ ಜೊತೆಗೆ ಧೂಮಪಾನ ಕೂಡಿದರೆ ಅಪಾಯ ಬಹಳ ಏರುತ್ತದೆ, ಗಂಡಸರಲ್ಲಿ ಇನ್ನೂ ಸ್ಪಷ್ಟವಾಗಿ. ವರನ ಬೀಡಿ-ಸಿಗರೇಟಿನ ಲೆಕ್ಕ ಹೆಣ್ಣಿನವರು ಕೇಳಿದರೆ ಮಾತ್ರ ಬೀಗರಿಗೆ ಸಿಟ್ಟು!

ಈ ಪಿಸುಮಾತಿಗೆ ಹೆದರಿ "ಮಗಳ ಮದುವಿ ಆಗ್ಲಿ, ಆಮ್ಯಾಲೆ ತೋರಿಸ್ತೀನಿ" ಎಂದು ತಾಯಂದಿರು ಬೆರಳು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಕೀಲು ಕೆಡುವುದು ಆ ಮೊದಲ ಒಂದೆರಡು ವರ್ಷಗಳಲ್ಲೇ. ಬೆಳಗ್ಗೆ ಎದ್ದಾಗ ತಾಸುಗಟ್ಟಲೆ ಬೆರಳು ಮಡಚಲು ಬಾರದಿದ್ದರೆ, ಎರಡೂ ಕೈಗಳ ಸಣ್ಣ ಕೀಲುಗಳು ಆರು ವಾರ ಊದಿಯೇ ಇದ್ದರೆ ಸೊಲ್ಲಾಪುರಕ್ಕೋ ಕಲಬುರಗಿಗೋ ಹೋಗಿ ತೋರಿಸಬೇಕು. ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆಗಳಿವೆ. ಸಾಮಾನ್ಯವಾಗಿ ಬರೆದುಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ, ದಿನಾಲೂ ಅಲ್ಲ, ಗರ್ಭಿಣಿಯರು ತೆಗೆದುಕೊಳ್ಳುವಂತಿಲ್ಲ.